ಸಂವಿಧಾನಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ?

(ಯಲಹಂಕದ ಬಳಿಯ ಒಂದು ಗ್ರಾಮದಲ್ಲಿ ಗಣರಾಜ್ಯೋತ್ಸವದ ಸಂಜೆ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ. ಕೇಳಿದವರ ಅಪೇಕ್ಷೆಯಂತೆ ಇಲ್ಲಿ ಅಚ್ಚು ಮಾಡಿದೆ.)



ಇಂದು ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಬಾವುಟ ಏರಿಸಿ ಮಕ್ಕಳಿಗೆ ಸಿಹಿ ಹಂಚಿದ್ದಾಯಿತು. ಆಮೇಲೆ ನಿಮ್ಮೂರಿನ ಹಿರಿಯರೊಬ್ಬರು ನನ್ನನ್ನು ಅರಳಿಕಟ್ಟೆಯ ಬಳಿ ನಿಲ್ಲಿಸಿಕೊಂಡರು. "ಏನಪ್ಪ ಗ್ರಾಮಸೇವಕ, ವರ್ಷವರ್ಷವೂ ಈ ದಿನ ಬಂದು ಸಂವಿಧಾನ ಸಂವಿಧಾನ ಅಂತೀರಿ. ಆ ಪುಸ್ತಕಕ್ಕೂ ನನ್ನ ಎರಡೆಕರೆ ರಾಗಿ ಹೊಲಕ್ಕೂ ಏನು ಸಂಬಂಧ?" ಎಂದು ಕೇಳಿದರು.

ರಾಗಿಗೆ ಬೀಜೋಪಚಾರ ಹೇಗೆ, ಹಿಪ್ಪುನೇರಳೆಗೆ ಗೊಬ್ಬರ ಎಷ್ಟು ಎಂದು ಕೇಳಿದ್ದರೆ ನಿಂತ ಕಾಲಿನಲ್ಲೇ ಹೇಳಿಬಿಡುತ್ತಿದ್ದೆ. ನಾನು ಓದಿದ್ದು ಕೃಷಿ ಡಿಪ್ಲೊಮಾ, ಕಾನೂನಲ್ಲ. ಆದರೆ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿ, ತಿಳಿದಷ್ಟನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

ದೇಶ ಕೊಟ್ಟ ಮಾತು

ನಮ್ಮ ಸಂವಿಧಾನವನ್ನು 1949ರ ನವೆಂಬರ್ 26ರಂದು ಅಂಗೀಕರಿಸಿ, 1950ರ ಜನವರಿ 26ರಂದು ಜಾರಿಗೆ ತಂದರು. ಅದರ ಪೀಠಿಕೆಯಲ್ಲಿ ಪ್ರಜೆಗಳಿಗೆ ಮೂರು ಬಗೆಯ ನ್ಯಾಯವನ್ನು ಹೇಳಿದೆ: ಸಾಮಾಜಿಕ, ಆರ್ಥಿಕ, ರಾಜಕೀಯ. ಮೂರನೆಯದು ನಮಗೆ ಅಂದೇ ಕೈಗೂಡಿತು. ಜಮೀನ್ದಾರನಿಗೂ ಒಂದು ಓಟು, ಅವನ ಆಳಿಗೂ ಒಂದು ಓಟು. ಮೊದಲಿನ ಎರಡು ಮಾತ್ರ ಕೊಡಬೇಕಾದ ಬಾಕಿಯಾಗಿ ಉಳಿದವು. ಓಟಿನಲ್ಲಿ ಸಮಾನತೆ ಇದ್ದು ಬದುಕಿನಲ್ಲಿ ಅಸಮಾನತೆ ಉಳಿದರೆ, ಕಟ್ಟಿದ ಈ ಪ್ರಜಾಪ್ರಭುತ್ವವೇ ಅಪಾಯಕ್ಕೆ ಸಿಕ್ಕೀತೆಂದು ಡಾ. ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೇ ಎಚ್ಚರಿಸಿದ್ದರು.

ಆ ಬಾಕಿಯನ್ನು ಹೇಗೆ ತೀರಿಸಬೇಕೆಂಬುದನ್ನು ಸಂವಿಧಾನದ ನಾಲ್ಕನೆಯ ಭಾಗದಲ್ಲಿ ಬರೆದಿದೆ. ಅದಕ್ಕೆ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳೆಂದು ಹೆಸರು. ನೆಲ, ನೀರು, ಗಣಿ ಮುಂತಾದ ಸಮುದಾಯದ ಸಂಪತ್ತು ಎಲ್ಲರ ಹಿತಕ್ಕಾಗುವಂತೆ ಹಂಚಿಕೆಯಾಗಬೇಕು. ಐಶ್ವರ್ಯ ಕೆಲವರ ಕೈಯಲ್ಲೇ ಗುಡ್ಡೆ ಬೀಳಬಾರದು. ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಸಿಗಬೇಕು ಎಂಬುದು 39ನೆಯ ಅನುಚ್ಛೇದದ ಸಾರ. ಗ್ರಾಮ ಪಂಚಾಯಿತಿಗಳನ್ನು ಸ್ವಯಮಾಡಳಿತದ ಘಟಕಗಳಾಗಿ ಕಟ್ಟಬೇಕೆಂಬುದು 40ನೆಯದು. ದುಡಿಯುವವನಿಗೆ ಮಾನವಾಗಿ ಬದುಕುವಷ್ಟು ಸಂಪಾದನೆ ಇರಬೇಕೆಂಬುದು 43ನೆಯದು. ಜನರ ವರಮಾನದ ಅಂತರವನ್ನು ಕಡಿಮೆ ಮಾಡಬೇಕೆಂಬ ಮಾತನ್ನು 1978ರ ತಿದ್ದುಪಡಿಯಲ್ಲಿ 38ನೆಯ ಅನುಚ್ಛೇದಕ್ಕೆ ಸೇರಿಸಿದರು. ಅದೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಈಗ ಅದು ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಕೂಡದೆಂಬ ಸಾಂವಿಧಾನಿಕ ಹಕ್ಕಾಗಿ 300ಎ ಅನುಚ್ಛೇದದಲ್ಲಿದೆ.

ಇಲ್ಲೊಂದು ಸೂಕ್ಷ್ಮವಿದೆ, ತಾವು ಗಮನಿಸಬೇಕು. ಈ ತತ್ತ್ವಗಳು ನಡೆಯಲಿಲ್ಲವೆಂದು ಕೋರ್ಟಿಗೆ ಹೋಗಿ ನೇರವಾಗಿ ಜಾರಿ ಮಾಡಿಸಲು ಬರುವುದಿಲ್ಲ. ಆದರೂ ದೇಶದ ಆಡಳಿತಕ್ಕೆ ಇವೇ ಬುಡವೆಂದು 37ನೆಯ ಅನುಚ್ಛೇದ ಹೇಳುತ್ತದೆ. ಅಂದರೆ ಇದು ಪಂಚರ ಎದುರಿಗೆ ಆಡಿದ ಮಾತಿನ ಹಾಗೆ. ಕಾಗದ ಪತ್ರವಿಲ್ಲ, ಆದರೆ ನೆನಪಿಸುವವರು ಇರುವವರೆಗೂ ಆ ಮಾತು ಜೀವಂತ. ನೆನಪಿಸಬೇಕಾದವರು ನಾವು.

ಅದೇ ಕಾಲದ ಇನ್ನೊಂದು ಆದರ್ಶವೂ ನಮಗೆ ದೂರದ್ದಲ್ಲ. 1927ರಲ್ಲಿ ಗಾಂಧೀಜಿಯವರು ಕಾಯಿಲೆ ಬಿದ್ದು ಸುಧಾರಿಸಿಕೊಳ್ಳಲು ನಮ್ಮ ನಂದಿಬೆಟ್ಟಕ್ಕೇ ಬಂದು ತಂಗಿದ್ದರು. ಹಣವಂತನು ತನ್ನ ಹಣಕ್ಕೆ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ನೋಡಿಕೊಳ್ಳುವ ಧರ್ಮದರ್ಶಿ ಎಂಬುದು ಅವರ ಅರ್ಥನೀತಿ. ದೇವರ ಹುಂಡಿಯ ಬೀಗದ ಕೈ ಇಟ್ಟುಕೊಂಡವನು ಹುಂಡಿ ತನ್ನದೆನ್ನಬಾರದು. ಅಷ್ಟೇ ಅದರ ಅರ್ಥ.

ಮಾತು ನಡೆಸಿಕೊಟ್ಟ ಬಗೆ

ಈ ಮಾತುಗಳಲ್ಲಿ ಎಷ್ಟು ನಡೆಯಿತು ಎಂಬುದಕ್ಕೆ ಸಾಕ್ಷಿಯನ್ನು ದೆಹಲಿಯಲ್ಲಿ ಹುಡುಕಬೇಕಾಗಿಲ್ಲ. ಇಲ್ಲಿಂದ ಬಸ್ಸು ಹತ್ತಿ ಯಶವಂತಪುರದವರೆಗೆ ಹೋಗಿ ಬಂದರೆ ಸಾಕು.

ಯಶವಂತಪುರದ ಮಾರುಕಟ್ಟೆ ಪ್ರಾಂಗಣವನ್ನೇ ತೆಗೆದುಕೊಳ್ಳಿ. ಹಿಂದೆ ದಲ್ಲಾಳರು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಿದ್ದರು. ಮಾಲು ತಂದ ರೈತನಿಗೆ ಆ ಬೆಲೆ ಏನೆಂದು ತಿಳಿಯುತ್ತಿರಲಿಲ್ಲ. ಕೃಷಿ ಉತ್ಪನ್ನ ಮಾರುಕಟ್ಟೆಗಳನ್ನು ನಿಯಂತ್ರಿಸುವ 1966ರ ಕಾನೂನು ಬಹಿರಂಗ ಹರಾಜು, ಸರಿಯಾದ ತೂಕ, ತಡವಿಲ್ಲದ ಪಾವತಿ ಎಂಬ ನಿಯಮಗಳನ್ನು ತಂದಿತು. ನಿಯಮದ ಪ್ರಕಾರ ಕಮಿಷನ್ ಕೊಳ್ಳುವವನ ಮೇಲೆ ಬೀಳಬೇಕೇ ಹೊರತು ರೈತನ ಮೇಲಲ್ಲ. ಇವತ್ತಿಗೂ ರೈತನ ಚೀಟಿಯಲ್ಲಿ ಅದನ್ನು ಮುರಿದುಕೊಳ್ಳುವವರಿದ್ದಾರೆ, ತಾವು ಬಲ್ಲಿರಿ. ನಿಯಮ ಗೊತ್ತಿದ್ದವನು ಕೇಳುತ್ತಾನೆ, ಗೊತ್ತಿಲ್ಲದವನು ಕಳೆದುಕೊಳ್ಳುತ್ತಾನೆ.

ಅದೇ ದಾರಿಯಲ್ಲಿ ಜಾಲಹಳ್ಳಿ ಇದೆ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಯಾದವು. ದೊಡ್ಡ ಕಾರ್ಖಾನೆಗಳು ಸರ್ಕಾರದ ಕೈಯಲ್ಲಿದ್ದರೆ ಲಾಭವೂ ಎಲ್ಲರದಾಗುವುದೆಂಬುದು ಆ ಕಾಲದ ನಂಬಿಕೆ. 1961ರಲ್ಲಿ ಎಚ್.ಎಂ.ಟಿ. ಗಡಿಯಾರದ ಕೆಲಸ ಶುರುಮಾಡಿದ ಮೇಲೆ ಎಷ್ಟೋ ಮದುವೆಗಳಲ್ಲಿ ಅಳಿಯನ ಕೈಗೆ ಕಟ್ಟಿದ್ದು ಅದೇ ಗಡಿಯಾರ.

ಇನ್ನು ನೆಲದ ಮಾತು. 1961ರ ಭೂಸುಧಾರಣಾ ಕಾನೂನಿಗೆ ದೇವರಾಜ ಅರಸರ ಸರ್ಕಾರ 1974ರಲ್ಲಿ ತಂದ ತಿದ್ದುಪಡಿಯಿಂದ ಗೇಣಿ ಪದ್ಧತಿ ಹೋಯಿತು. ಉಳುವವನೇ ಒಡೆಯನಾದನು. ಈ ಸಭೆಯಲ್ಲಿ ಕುಳಿತವರಲ್ಲಿ ಹಲವರ ಪಹಣಿಗೆ ಆ ಕಾನೂನೇ ಮೂಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನು ಕೈಬಿಟ್ಟು ಹೋಗದಂತೆ 1978ರಲ್ಲಿ ಇನ್ನೊಂದು ಕಾನೂನಾಯಿತು.

ಹಾಲಿನ ಸಂಘವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಒಂದು ಹಸು ಕಟ್ಟಿದವಳಿಗೂ ಒಂದು ಓಟು, ಹತ್ತು ಹಸು ಇದ್ದವನಿಗೂ ಒಂದೇ ಓಟು. ಕಂಪನಿಯಲ್ಲಾದರೆ ಷೇರು ಹೆಚ್ಚಿದಷ್ಟೂ ಓಟು ಹೆಚ್ಚು. ಬೆಳಗಿನ ಜಾವ ಕ್ಯಾನು ಹಿಡಿದು ನಿಂತ ಸಾಲಿನಲ್ಲಿ ಸಂವಿಧಾನದ ಆರ್ಥಿಕ ನ್ಯಾಯವನ್ನು ಕಣ್ಣಾರೆ ಕಾಣಬಹುದು. ಸಹಕಾರ ಸಂಘಗಳನ್ನು ಬೆಳೆಸಬೇಕೆಂಬುದನ್ನು 2011ರ ತಿದ್ದುಪಡಿಯಲ್ಲಿ ನಿರ್ದೇಶಕ ತತ್ತ್ವಗಳಿಗೂ ಸೇರಿಸಿದ್ದಾರೆ.

ದಾರಿ ತಿರುಗಿದ್ದು

ಹಳೆಯ ಕಾಲವೆಲ್ಲ ಚಿನ್ನದ ಕಾಲವಾಗಿತ್ತೆಂದು ನಾನು ಹೇಳುವುದಿಲ್ಲ. ಪರವಾನಗಿಗೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತು. ಫೋನಿಗೆ, ಸ್ಕೂಟರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಸರ್ಕಾರದ ಬೊಕ್ಕಸದಲ್ಲಿ ಸಾಲ ಬೆಳೆಯಿತು. 1991ರಲ್ಲಿ ಹೊರದೇಶಗಳಿಗೆ ಹಣ ಕೊಡಲು ದಿಕ್ಕಿಲ್ಲದೆ, ಮನೆಯಾಕೆಯ ಬಳೆ ಅಡವಿಡುವಂತೆ ದೇಶದ ಚಿನ್ನವನ್ನು ಒತ್ತೆಯಿಡಬೇಕಾಯಿತು. ಆ ವರ್ಷದ ಜುಲೈನಲ್ಲಿ ಹೊಸ ಆರ್ಥಿಕ ನೀತಿ ಬಂತು. ಪರವಾನಗಿಗಳನ್ನು ಬಹುಮಟ್ಟಿಗೆ ತೆಗೆದರು. ಖಾಸಗಿಯವರಿಗೂ ಹೊರದೇಶದ ಬಂಡವಾಳಕ್ಕೂ ಬಾಗಿಲು ತೆರೆದರು.

ಅದರಿಂದ ನಮಗೆ ಆದ ಲಾಭವನ್ನು ಮರೆಮಾಚಬಾರದು. ನಾಗವಾರ, ಹೆಬ್ಬಾಳದ ಕಡೆಯ ದೊಡ್ಡ ಕಚೇರಿಗಳಲ್ಲಿ ನಮ್ಮೂರ ಮಕ್ಕಳೂ ಕೆಲಸ ಮಾಡುತ್ತಿದ್ದಾರೆ. ನಗರದ ಕೈಯಲ್ಲಿ ಹಣ ಓಡಾಡಿದ್ದರಿಂದ ನಮ್ಮ ಹೂವು, ದ್ರಾಕ್ಷಿ, ಸೊಪ್ಪಿಗೆ ಗಿರಾಕಿ ಹೆಚ್ಚಿದರು. ಇನ್ನೊಂದು ಕಡೆ, ಎಚ್.ಎಂ.ಟಿ. ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ಮಾರುವವನಿಗೆ ಗಿರಾಕಿ ಹೆಚ್ಚಿದರು, ನಿಜ. ಆದರೆ ಪಕ್ಕದ ಅರ್ಧ ಎಕರೆ ಕೊಂಡು ಬೇಸಾಯ ಹೆಚ್ಚಿಸಿಕೊಳ್ಳಬೇಕೆಂದಿದ್ದ ಸಣ್ಣ ರೈತನು ಈಗ ನಗರದ ಹಣದ ಎದುರು ಹರಾಜು ಕೂಗಬೇಕಾಗಿದೆ.

ಅದೇ ವರ್ಷ ಕೇಂದ್ರ ಸರ್ಕಾರ ಮೂರು ಕೃಷಿ ಕಾನೂನುಗಳನ್ನು ತಂದಿತು. ಅವುಗಳಲ್ಲಿ ಒಳ್ಳೆಯದಿತ್ತು ಎನ್ನುವವರೂ ಉಂಟು, ಕೆಟ್ಟದ್ದಿತ್ತು ಎನ್ನುವವರೂ ಉಂಟು. ಆದರೆ ಮೊದಲು ಸುಗ್ರೀವಾಜ್ಞೆಯಾಗಿ ಬಂದದ್ದರಿಂದ, ನಮ್ಮನ್ನು ಕೇಳಲೇ ಇಲ್ಲವಲ್ಲ ಎಂಬ ನೋವು ರೈತರಲ್ಲಿ ಉಳಿಯಿತು. ದೆಹಲಿಯ ಗಡಿಗಳಲ್ಲಿ ರೈತರು ಒಂದು ವರ್ಷ ಕುಳಿತರು. 2021ರ ನವೆಂಬರಿನಲ್ಲಿ ಸಂಸತ್ತು ಆ ಕಾನೂನುಗಳನ್ನು ರದ್ದು ಮಾಡಿತು.

ದೇವನಹಳ್ಳಿಯ ಪಾಠ

ಈಗ ನಮ್ಮ ಬಾಗಿಲಿಗೇ ಬರೋಣ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಸುಮಾರು 4,000 ಎಕರೆ ನೆಲ ಅದಕ್ಕೆ ಹೋಯಿತು. ಆಮೇಲೆ ಅದರ ಸುತ್ತ ಕೈಗಾರಿಕೆಗಳು ಬಂದವು. ಕೊನೆಗೆ ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಜಮೀನನ್ನು ಕೈಗಾರಿಕೆಗೆಂದು, ಮುಖ್ಯವಾಗಿ ವಿಮಾನೋದ್ಯಮದ ಪಾರ್ಕಿಗೆಂದು ತೆಗೆದುಕೊಳ್ಳಲು ಸರ್ಕಾರ ಹೊರಟಿತು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ನೆಲ. ಅಲ್ಲಿದ್ದವರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ದಲಿತ ಕುಟುಂಬಗಳೂ ಅವರಲ್ಲಿವೆ.

ಇಲ್ಲಿ ಎರಡು ಕಾನೂನುಗಳ ವ್ಯತ್ಯಾಸವನ್ನು ತಿಳಿದಿರಬೇಕು. ಕೇಂದ್ರದ 2013ರ ಭೂಸ್ವಾಧೀನ ಕಾನೂನಿನ ಪ್ರಕಾರ ಖಾಸಗಿ ಕಂಪನಿಗಾಗಿ ನೆಲ ತೆಗೆಯಬೇಕಾದರೆ ನೂರಕ್ಕೆ 80 ಮಂದಿಯ ಒಪ್ಪಿಗೆ ಬೇಕು. ಸರ್ಕಾರ ಮತ್ತು ಖಾಸಗಿಯವರು ಸೇರಿ ಮಾಡುವ ಯೋಜನೆಯಾದರೆ ನೂರಕ್ಕೆ 70 ಮಂದಿಯದು. ಆ ನೆಲದಲ್ಲಿ ಕೂಲಿ ಮಾಡಿ ಬದುಕುವವರನ್ನೂ ಅದು ಬಾಧಿತರೆಂದು ಎಣಿಸುತ್ತದೆ. ಆದರೆ ನಮ್ಮ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾನೂನು 1966ರದು. ಅದರಲ್ಲಿ ಇಂಥ ಒಪ್ಪಿಗೆಯ ಲೆಕ್ಕವಿಲ್ಲ. ಚನ್ನರಾಯಪಟ್ಟಣದ ನೋಟೀಸುಗಳು ಬಂದದ್ದು ಆ ಕಾನೂನಿನ ಕೆಳಗೆ. ನೋಡಿ, ರೈತನ ತಕ್ಕಡಿಯನ್ನು ಕಾಯುವ ಕಾನೂನೂ 1966ರದೇ, ರೈತನ ನೆಲವನ್ನು ತೆಗೆಯುವ ಕಾನೂನೂ 1966ರದೇ. ಎರಡೂ ಒಂದೇ ಶಾಸನಸಭೆಯಿಂದ ಬಂದವು. ಕಾನೂನು ಕತ್ತಿಯಂತೆ, ಹಿಡಿದ ಕೈ ಯಾವ ತತ್ತ್ವವನ್ನು ನೆನೆಯುತ್ತದೆ ಎಂಬುದೇ ಮುಖ್ಯ.

ಆ ಹಳ್ಳಿಗಳವರು 2022ರ ಏಪ್ರಿಲಿನಲ್ಲಿ ಧರಣಿ ಕುಳಿತರು. ಸರ್ಕಾರ ಬದಲಾಯಿತು, ಧರಣಿ ಬದಲಾಗಲಿಲ್ಲ. 2025ರ ಜೂನ್‌ನಲ್ಲಿ ಮೂರು ಹಳ್ಳಿಗಳ 495 ಎಕರೆಯನ್ನು ಬಿಟ್ಟುಕೊಡುತ್ತೇವೆಂದು ಸರ್ಕಾರ ಹೇಳಿತು. ಬಿಟ್ಟರೆ ಹದಿಮೂರನ್ನೂ ಬಿಡಿ ಎಂಬುದು ಅವರ ಉತ್ತರ. ತಮ್ಮ ಹೊಲ ಉಳಿದ ಮೂರು ಹಳ್ಳಿಗಳವರು ಎದ್ದು ಮನೆಗೆ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಧರಣಿಯ 1,198 ದಿನಗಳಾದ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಪೂರ್ತಿ ಕೈಬಿಟ್ಟೆವೆಂದು ಸಾರಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಹೆಚ್ಚಿನ ಬೆಲೆ ಕೊಟ್ಟು ತೆಗೆದುಕೊಳ್ಳುವುದಾಗಿಯೂ ಹೇಳಿದರು.

ಈ ಕಡೆಯ ಮಾತು ಬಹಳ ಮುಖ್ಯ. ಸರ್ಕಾರದ ನೋಟೀಸು ಬಂದರೆ ಊರೆಲ್ಲ ಒಂದಾಗಿ ಎದುರು ನಿಲ್ಲಬಹುದು. ಸ್ವಇಚ್ಛೆಯ ಪ್ರಶ್ನೆ ಬಂದರೆ ಅದು ನಡುಮನೆಯಲ್ಲಿ, ಅಣ್ಣತಮ್ಮಂದಿರ ನಡುವೆ, ಗಂಡಹೆಂಡಿರ ನಡುವೆ ತೀರ್ಮಾನವಾಗುತ್ತದೆ. ಅಲ್ಲಿ ಧರಣಿ ಇಲ್ಲ, ಘೋಷಣೆ ಇಲ್ಲ. ಇದನ್ನು ನಾನು ನಮ್ಮ ಮನೆಯಲ್ಲೇ ಕಂಡವನು.

ನಮ್ಮ ಮನೆಯ ಕೊಳಗ

ನಾನೂ ಈ ಸೀಮೆಯವನೇ. ವಿಮಾನ ನಿಲ್ದಾಣ ಬರುತ್ತಿದ್ದ ಕಾಲದಲ್ಲಿ ನಾನು ಮೂರನೆಯ ತರಗತಿಯಲ್ಲಿದ್ದೆ. ಬಡಾವಣೆ ಮಾಡುವವರೊಬ್ಬರು ಬಂದು ನಮ್ಮ ತಂದೆಯವರ ಮುಂದೆ ಹಣ ಇಟ್ಟರು. ನಮ್ಮ ಹತ್ತಿರ ಇದ್ದದ್ದು ಎರಡೂವರೆ ಎಕರೆ. ಹದಿನೈದು ದಿನಗಳಲ್ಲಿ ಎಲ್ಲ ಮುಗಿಯಿತು. ನಮ್ಮ ತಾಯಿಯನ್ನು ಯಾರೂ ಕೇಳಲಿಲ್ಲ. ಸೋದರತ್ತೆಯರನ್ನು ಸಹಿ ಹಾಕಲು ಕರೆದರೇ ಹೊರತು ಮಾತಾಡಲು ಕರೆಯಲಿಲ್ಲ. ಸಾಲ ತೀರಿತು, ಮನೆಗೆ ತಾರಸಿ ಬಂತು, ಅಕ್ಕನ ಮದುವೆಯಾಯಿತು, ಒಂದು ಲಾರಿ ಬಂತು, ಲಾರಿ ಕೆಟ್ಟು ನಿಂತಿತು. ಆರು ವರ್ಷಗಳಲ್ಲಿ ದುಡ್ಡು ಕರಗಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಸುಳ್ಳಲ್ಲ. ಆದರೆ ನಮ್ಮ ತಂದೆ ಕೂತು ಉಂಡವರಲ್ಲ. ದುಡ್ಡಿನಿಂದ ದುಡಿಯುವುದು ಅವರಿಗೆ ಗೊತ್ತಿರಲಿಲ್ಲ, ನೆಲದಿಂದ ದುಡಿಯುವುದು ಗೊತ್ತಿತ್ತು.

ಅವರು ಮಾಡಿದ್ದು ತಪ್ಪೆನ್ನಲು ನನಗೆ ಬಾಯಿಲ್ಲ. ನನ್ನ ಡಿಪ್ಲೊಮಾದ ಶುಲ್ಕ ಕಟ್ಟಿದ್ದೂ ಆ ದುಡ್ಡಿನ ಕೊನೆಯ ಭಾಗದಿಂದಲೇ. ಆದರೆ ಊರೂರು ತಿರುಗಿ ಬೇಸಾಯ ಹೇಳಿಕೊಡುವ ನನಗೆ ಇಂದು ಒಂದು ಸಾಲು ಉಳಲು ಸ್ವಂತ ನೆಲವಿಲ್ಲ. ರಾಗಿ ಅಳೆಯುತ್ತಿದ್ದ ನಮ್ಮ ಅಜ್ಜನ ಕಾಲದ ಕೊಳಗ ಮನೆಯಲ್ಲಿ ಇನ್ನೂ ಇದೆ. ಅದರಲ್ಲಿ ಈಗ ಕರೆಂಟು ಬಿಲ್ಲುಗಳನ್ನು ಇಡುತ್ತೇವೆ. ನಮ್ಮ ತಾಯಿ ರಾಗಿಯನ್ನು ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತರುತ್ತಾರೆ.

ಅಳೆದು ನೋಡುವ ನಾಲ್ಕು ಪ್ರಶ್ನೆಗಳು

ಆದುದರಿಂದ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಸಂವಿಧಾನವೂ ಒಂದು ಕೊಳಗ. ಯಾವ ಸರ್ಕಾರದ ಯಾವ ನೀತಿ ಬಂದರೂ, ಹಳೆಯದಿರಲಿ ಹೊಸದಿರಲಿ, ಅದನ್ನು ಈ ಕೊಳಗದಲ್ಲಿ ಹಾಕಿ ಅಳೆಯುವ ಅಧಿಕಾರ ನಿಮ್ಮದು. ಅಳೆಯಲು ನಾಲ್ಕು ಪ್ರಶ್ನೆ ಸಾಕು.

ಒಂದು, ಇದನ್ನು ಯಾರನ್ನು ಕೇಳಿ ಮಾಡಿದರು? ಕೇಳುವ ಜಾಗ ಗ್ರಾಮಸಭೆ. ವರ್ಷಕ್ಕೆ ಕನಿಷ್ಠ ಎರಡು ಬಾರಿ ಅದು ಸೇರಬೇಕು. ನಾವು ಹೋಗದೆ ಇದ್ದು, ಸಹಿಯ ಪುಸ್ತಕ ಮಾತ್ರ ಮನೆಮನೆಗೆ ತಿರುಗಿದರೆ, ಕೇಳಲಿಲ್ಲವೆಂದು ಆಮೇಲೆ ದೂರಿ ಫಲವಿಲ್ಲ.

ಎರಡು, ಯಾರ ಕೈಯಿಂದ ಹೋಗುತ್ತದೆ, ಯಾರ ಕೈ ಸೇರುತ್ತದೆ? ಎಕರೆಗೆ ಎಷ್ಟು ಕೊಟ್ಟರು ಎಂಬುದು ಅರ್ಧ ಲೆಕ್ಕ. ಹತ್ತು ವರ್ಷದ ಮೇಲೆ ಅದೇ ಎಕರೆಯಿಂದ ಯಾರು ಎಷ್ಟು ತೆಗೆಯುತ್ತಾರೆ ಎಂಬುದು ಇನ್ನರ್ಧ.

ಮೂರು, ದುಡಿಯುವವನಿಗೆ ಬದುಕುವ ದಾರಿ ಉಳಿಯುತ್ತದೆಯೆ? ಕೆಲಸ ಕೊಡುತ್ತೇವೆಂದರೆ ಯಾವ ಕೆಲಸ, ಎಷ್ಟು ವರ್ಷ, ಬರಹದಲ್ಲಿ ಇದೆಯೆ ಎಂದು ಕೇಳಿರಿ.

ನಾಲ್ಕು, ಇದರಿಂದ ಮೇಲಿನವನಿಗೂ ಕೆಳಗಿನವನಿಗೂ ಇರುವ ಅಂತರ ಕಿರಿದಾಗುತ್ತದೆಯೆ, ಹಿರಿದಾಗುತ್ತದೆಯೆ?

ಇನ್ನೊಂದು ಮಾತು, ಬೇಸರಿಸಬಾರದು. ಕೊಳಗವನ್ನು ಸರ್ಕಾರದ ಮುಂದೆ ಹಿಡಿದಂತೆ ನಮ್ಮ ಕಣದಲ್ಲೂ ಹಿಡಿಯಬೇಕು. ಕಳೆ ಕೀಳಲು ಬರುವ ಹೆಣ್ಣಾಳಿಗೆ ಗಂಡಾಳಿನಷ್ಟೇ ಕೂಲಿ ಕೊಡುತ್ತೇವೆಯೆ? ಹೊಲ ಮಾರುವಾಗ ವರ್ಷವರ್ಷವೂ ಅಲ್ಲಿ ದುಡಿದ ಕೂಲಿಕಾರನ ಗತಿ ಏನೆಂದು ಯೋಚಿಸುತ್ತೇವೆಯೆ? ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬುದು ನಮ್ಮ ರಾಜ್ಯದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹಿಂದೂ ಉತ್ತರಾಧಿಕಾರದ ಕಾನೂನು. ಅವರನ್ನು ಸಹಿಗೆ ಮಾತ್ರ ಕರೆಯುವುದು ನ್ಯಾಯವೆ? ನಮ್ಮ ಮನೆಯಲ್ಲಿ ನಡೆಯದ ನ್ಯಾಯವನ್ನು ವಿಧಾನಸೌಧದಿಂದ ಬೇಡಿದರೆ ಆ ಮಾತಿಗೆ ಬಲ ಬರುವುದಿಲ್ಲ.

ಮಾರಬೇಡಿ ಎಂದು ನಾನು ಹೇಳುತ್ತಿಲ್ಲ. ಮಾರುವುದೂ ಉಳಿಸಿಕೊಳ್ಳುವುದೂ ನಿಮ್ಮ ಹಕ್ಕು. ನನ್ನ ಅರಿಕೆ ಇಷ್ಟೇ. ಪಹಣಿ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾದರೆ 1978ರ ಕಾನೂನನ್ನು ತಿಳಿದವರಿಂದ ಕೇಳಿಕೊಳ್ಳಿ. ಮುಂಗಡ ಹಣ ಮುಟ್ಟುವ ಮೊದಲು ಮನೆಯವರೆಲ್ಲ, ಹೆಂಗಸರೂ ಸೇರಿ, ಒಂದು ರಾತ್ರಿ ಕುಳಿತು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಆ ಒಂದು ರಾತ್ರಿ ಕೂರಲಿಲ್ಲ.

ಮುಂದಿನ ಗ್ರಾಮಸಭೆಯ ದಿನ ಪಂಚಾಯಿತಿಯ ಬಾಗಿಲಿನಲ್ಲಿ ನಾನಿರುತ್ತೇನೆ. ಬೆಳಿಗ್ಗೆ ಪ್ರಶ್ನೆ ಕೇಳಿದ ಹಿರಿಯರು ಮೊದಲು ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂರಬೇಕೆಂದು ಕೇಳಿಕೊಳ್ಳುತ್ತೇನೆ. ಅವರ ಪ್ರಶ್ನೆಯನ್ನು ಅಲ್ಲಿ ಇನ್ನೊಮ್ಮೆ ಕೇಳಬೇಕಾಗಿದೆ.